ವೀಸಾ ಮೊದಲು, ಬೀಗದ ಕೈ ಆಮೇಲೆ: ಪರದೇಶದಲ್ಲಿ ಬಾಡಿಗೆ ಮನೆ ಹಿಡಿಯುವವರಿಗೊಂದು ಮಾರ್ಗದರ್ಶಿ

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿಯುವುದು ಅರ್ಧ ದಿನದ ಕೆಲಸ. ಗೇಟಿಗೆ ನೇತುಹಾಕಿದ ಬೋರ್ಡು ನೋಡಿ ಒಳಗೆ ಹೋದರೆ ಮಾಲೀಕರು ಊರು, ಮನೆತನ, ಓದು ಕೇಳುತ್ತಾರೆ. ಅಡ್ವಾನ್ಸ್ ಎಷ್ಟೆಂಬುದು ಚಹಾ ಮುಗಿಯುವುದರೊಳಗೆ ತೀರ್ಮಾನವಾಗುತ್ತದೆ. ಹನ್ನೊಂದು ತಿಂಗಳ ಕರಾರು ಪತ್ರ ಬರೆಯುವ ಕೆಲಸ ಮುಂದಿನ ವಾರಕ್ಕೆ ಹೋದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಈ ರೂಢಿಯಲ್ಲಿ ಬೆಳೆದವರು ಜರ್ಮನಿಗೋ ಇಂಗ್ಲೆಂಡಿಗೋ ಹೊರಟಾಗ ಎರಡು ತಪ್ಪು ಲೆಕ್ಕ ಹಾಕುತ್ತಾರೆ. ಮನೆಯ ಕರಾರು ಕೈಯಲ್ಲಿದ್ದರೆ ಆ ದೇಶದಲ್ಲಿ ಇರುವ ಹಕ್ಕೂ ಬಂತು ಎಂಬುದು ಒಂದು. ವೀಸಾ ಸಿಕ್ಕಿತಲ್ಲ, ಇನ್ನು ಮನೆ ತಾನಾಗಿಯೇ ಸಿಗುತ್ತದೆ ಎಂಬುದು ಇನ್ನೊಂದು.

ಎರಡೂ ನಿಜವಲ್ಲ. ಕರಾರು ಎರಡು ವರ್ಷದ್ದಿರಲಿ, ಆರು ತಿಂಗಳ ಬಾಡಿಗೆಯನ್ನು ಮುಂಗಡವಾಗಿಯೇ ಕೊಟ್ಟಿರಲಿ, ವೀಸಾದ ಕೊನೆಯ ದಿನ ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ. ವೀಸಾ ಮುಗಿಯಿತೆಂದು ಬಾಡಿಗೆಯ ಹೊಣೆಯೂ ತಾನಾಗಿ ಮುಗಿಯುವುದಿಲ್ಲ. ಎರಡು ಕಾಗದ, ಎರಡು ತಾರೀಖು. ಇವೆರಡನ್ನೂ ಹೊಂದಿಸಿಕೊಂಡು ನಡೆಯುವುದು ಬಾಡಿಗೆದಾರನ ಕೆಲಸ. ಮಾಲೀಕನಾಗಲಿ, ಕಾನ್ಸುಲೇಟ್ ಆಗಲಿ, ಏಜೆಂಟ್ ಆಗಲಿ ನಿಮ್ಮ ಪರವಾಗಿ ಇದನ್ನು ಮಾಡುವುದಿಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಎಂಜಿನಿಯರಿಂಗ್ ಮತ್ತು ಕೃಷಿ ಪದವೀಧರರ ಬಾಯಲ್ಲಿ ಈಗ ಹೆಚ್ಚು ಕೇಳಿಬರುವ ಹೆಸರು ಜರ್ಮನಿ. ಅಲ್ಲಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲದಿರುವುದೇ ಅದಕ್ಕೆ ಕಾರಣ. ಹಾಗಾಗಿ ಇಲ್ಲಿಯ ಹೆಚ್ಚಿನ ವಿವರ ಆ ದೇಶದ್ದು. ಬೇರೆ ದೇಶಗಳನ್ನು ಬೇಕಾದಲ್ಲಿ ಸೇರಿಸಿದ್ದೇನೆ.

ಹೆಜ್ಜೆ 1: ದಿನ ಎಣಿಸಿ

ಮನೆ ಹುಡುಕುವ ಮೊದಲು ಪಾಸ್‌ಪೋರ್ಟ್ ತೆರೆದು ವೀಸಾವನ್ನು ಪೂರ್ತಿ ಓದಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ, ಅಲ್ಪಾವಧಿಯ ಭೇಟಿಗೆ ಕೊಡುವ ಶೆಂಗೆನ್ ವೀಸಾ ಚೀಟಿಯ ಮೇಲೆ ಮೂರು ಸಂಗತಿಗಳಿರುತ್ತವೆ: ಯಾವ ದಿನದಿಂದ ಯಾವ ದಿನದವರೆಗೆ ಚಾಲ್ತಿ, ಎಷ್ಟು ಸಲ ಒಳಗೆ ಹೋಗಬಹುದು, ಒಟ್ಟು ಎಷ್ಟು ದಿನ ಇರಬಹುದು. ನಮ್ಮವರ ಕಣ್ಣು ಮೊದಲನೆಯದರ ಮೇಲೆಯೇ ನಿಲ್ಲುತ್ತದೆ. ಚಾಲ್ತಿಯ ಅವಧಿ ಒಂದು ವರ್ಷ ಇದ್ದರೂ ಇರಬಹುದಾದ ದಿನ 90 ಮಾತ್ರ ಆಗಿರಬಹುದು, ಕೆಲವೊಮ್ಮೆ ಇಪ್ಪತ್ತೋ ಮೂವತ್ತೋ ಆಗಿರಬಹುದು. ಲೆಕ್ಕಕ್ಕೆ ಬರುವುದು ಆ ಸಂಖ್ಯೆಯೇ.

ಶೆಂಗೆನ್ ನಿಯಮ ಹೀಗಿದೆ: ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಈ 180 ದಿನ ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್ ಎಂದು ಕಟ್ಟಿಟ್ಟ ಅರ್ಧ ವರ್ಷವಲ್ಲ. ನೀವು ಅಲ್ಲಿರುವ ಪ್ರತಿ ದಿನವೂ ಹಿಂದಿರುಗಿ ನೋಡಿ ಎಣಿಸಬೇಕಾದ ಅವಧಿ ಅದು. ಒಂದು ಉದಾಹರಣೆ. ಹಾವೇರಿಯ ತಾಯಿಯೊಬ್ಬರು ಹೋಳಿ ಮುಗಿಸಿಕೊಂಡು ಮಾರ್ಚ್ 10ರಂದು ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಮಗಳ ಮನೆಗೆ ಹೋದರೆನ್ನಿ. ಮಾರ್ಚಿನಲ್ಲಿ 22 ದಿನ, ಏಪ್ರಿಲ್‌ನಲ್ಲಿ 30, ಮೇ ತಿಂಗಳಲ್ಲಿ 31, ಅಲ್ಲಿಗೆ 83. ಜೂನ್ 7ಕ್ಕೆ 90 ತುಂಬುತ್ತದೆ, ಅಂದೇ ಅವರು ವಿಮಾನದಲ್ಲಿರಬೇಕು. ಮತ್ತೆ ಒಳಗೆ ಹೋಗಲು ಮಾರ್ಚ್ 10 ಎಂಬ ದಿನ 180ರ ಲೆಕ್ಕದಿಂದ ಆಚೆ ಬೀಳಬೇಕು, ಅಂದರೆ ಸೆಪ್ಟೆಂಬರ್ 6 ಬರಬೇಕು. ವೀಸಾ ಹಲವು ಪ್ರವೇಶದ್ದಾಗಿದ್ದರೂ ಜುಲೈಯಲ್ಲಿ ಹತ್ತು ದಿನ ಹೋಗಿಬರುವುದಕ್ಕೆ ದಾರಿಯಿಲ್ಲ.

ಶೆಂಗೆನ್ ಒಟ್ಟು 29 ದೇಶಗಳ ಗುಂಪು, ದಿನಗಳ ಲೆಕ್ಕ ಎಲ್ಲ ದೇಶಗಳಿಗೂ ಒಂದೇ. ಸ್ವಿಟ್ಜರ್ಲೆಂಡ್‌ಗೆ ಹೋಗಿ ನಾಲ್ಕು ದಿನ ಇದ್ದು ಬಂದರೆ ಲೆಕ್ಕ ಹೊಸದಾಗುತ್ತದೆ ಎಂದು ಹೇಳುವವರು ಇದ್ದಾರೆ. ಆ ದೇಶ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಶೆಂಗೆನ್‌ನಲ್ಲಿ ಇದೆ, ಆ ನಾಲ್ಕು ದಿನವೂ ನಿಮ್ಮ ತೊಂಬತ್ತರಲ್ಲೇ ಹೋಗುತ್ತದೆ. ಐರ್ಲೆಂಡ್ ಮತ್ತು ಬ್ರಿಟನ್ ಈ ಗುಂಪಿನ ಹೊರಗಿವೆ, ಅವಕ್ಕೆ ಬೇರೆಯೇ ವೀಸಾ ಬೇಕು. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಬಂದ ಹೊಸ ಗಡಿ ವ್ಯವಸ್ಥೆಯಲ್ಲಿ ಬೆರಳಚ್ಚು, ಮುಖಚಿತ್ರ, ಬಂದ ಮತ್ತು ಹೋದ ದಿನ ಎಲ್ಲವೂ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ಮುದ್ರೆ ಮಸುಕಾಗಿತ್ತು, ಅಧಿಕಾರಿ ನೋಡಲಿಲ್ಲ ಎಂಬ ಮಾತುಗಳಿಗೆ ಇನ್ನು ಬೆಲೆಯಿಲ್ಲ. ದಿನ ಎಣಿಸಲು ಯುರೋಪಿಯನ್ ಆಯೋಗದ ಜಾಲತಾಣದಲ್ಲಿ ಉಚಿತ ಕ್ಯಾಲ್ಕುಲೇಟರ್ ಇದೆ. ತಾರೀಖು ಹಾಕಿದರೆ ಉತ್ತರ ಬರುತ್ತದೆ.

ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿಯ ಸಂದರ್ಶಕ ವೀಸಾ ಹತ್ತು ವರ್ಷದ್ದು ಸಿಕ್ಕಿತೆಂದು ಊರಿಗೆಲ್ಲ ಪೇಢಾ ಹಂಚುವವರನ್ನು ನೋಡಿದ್ದೇನೆ. ಹಂಚಲಿ, ತಪ್ಪಿಲ್ಲ. ಆದರೆ ಹತ್ತು ವರ್ಷ ಎಂದರೆ ಆ ಅವಧಿಯಲ್ಲಿ ಬಾಗಿಲ ಬಳಿ ಹೋಗಿ ನಿಲ್ಲಬಹುದು ಎಂದಷ್ಟೇ. ಎಷ್ಟು ದಿನ ಇರಬಹುದೆಂದು ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನಿಸಿ ಐ-94 ಎಂಬ ದಾಖಲೆಯಲ್ಲಿ ನಮೂದಿಸುತ್ತಾರೆ. ಸಾಮಾನ್ಯವಾಗಿ ಅದು ಆರು ತಿಂಗಳು. ಇಳಿದ ಮರುದಿನವೇ ಆ ದಾಖಲೆಯನ್ನು ಜಾಲತಾಣದಿಂದ ಇಳಿಸಿಕೊಂಡು ತಾರೀಖು ನೋಡಿ. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ಮೀರಿದವರಿಗೆ ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ಬ್ರಿಟನ್ನಿನ ಸಾಮಾನ್ಯ ಸಂದರ್ಶಕ ವೀಸಾದಲ್ಲಿ ಒಂದು ಭೇಟಿಗೆ ಆರು ತಿಂಗಳ ಮಿತಿ. ಪದೇ ಪದೇ ಹೋಗಿ ಅಲ್ಲಿಯೇ ವಾಸ ಮಾಡಿದಂತೆ ಕಂಡರೆ ಗಡಿಯಲ್ಲೇ ತಡೆಯಬಹುದು. ಕೆನಡಾದಲ್ಲಿ ಮಕ್ಕಳು ಅಲ್ಲಿಯ ನಾಗರಿಕರೋ ಕಾಯಂ ನಿವಾಸಿಗಳೋ ಆಗಿದ್ದರೆ ತಂದೆ ತಾಯಿಗೆ ಸೂಪರ್ ವೀಸಾ ಇದೆ. 2022ರ ಜುಲೈಯಿಂದ ಒಂದು ಸಲ ಹೋದರೆ ಐದು ವರ್ಷದವರೆಗೆ ಇರಬಹುದು. ನಾನು ಕಂಡ ಮಟ್ಟಿಗೆ ವಯಸ್ಸಾದ ತಂದೆ ತಾಯಿಗೆ ಇಷ್ಟು ಉದಾರವಾದ ವ್ಯವಸ್ಥೆ ಅಪರೂಪ.

ಹೆಜ್ಜೆ 2: ಇಲ್ಲಿಯೇ ಮುಗಿಸಬೇಕಾದ ಕೆಲಸ

ಮೊದಲು ಹೆಸರು. ನಮ್ಮ ಕಡೆ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಇನ್ನೊಂದು ಕಡೆ ತಂದೆಯ ಹೆಸರು ನಡುವೆ. ಹೀಗೆ ಒಬ್ಬಳೇ ಹುಡುಗಿಗೆ ಮೂರು ಹೆಸರು. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಅಲ್ಲಿಯ ಗುಮಾಸ್ತನಿಗೆ ಅವರು ಮೂವರು ಬೇರೆ ಬೇರೆ ಹೆಂಗಸರು. ಪಾಸ್‌ಪೋರ್ಟಿನಲ್ಲಿ ಇರುವುದೇ ನಿಮ್ಮ ಹೆಸರು ಎಂದು ತಿಳಿಯಿರಿ. ಬಾಡಿಗೆ ಕರಾರು, ಬ್ಯಾಂಕ್, ವಿಮೆ ಎಲ್ಲದರಲ್ಲೂ ಒಂದಕ್ಷರ ಬಿಡದೆ ಅದನ್ನೇ ಬರೆಯಿಸಿ. ಪಾಸ್‌ಪೋರ್ಟಿನಲ್ಲೇ ತಿದ್ದುಪಡಿ ಬೇಕಿದ್ದರೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಮಾಡಿಸಿ, ಆಮೇಲೆ ಅಲ್ಲ. 2014ರ ನವೆಂಬರ್ 1ರಂದು ಹುಬ್ಬಳ್ಳಿ ನಗರದ ಇಂಗ್ಲಿಷ್ ಹೆಸರು ಬದಲಾದ್ದರಿಂದ ಹಳೆಯ ಜನ್ಮ ಪ್ರಮಾಣಪತ್ರದಲ್ಲಿ ಒಂದು ಕಾಗುಣಿತ, ಹೊಸ ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇರುವುದೂ ಉಂಟು. ಯಾರಾದರೂ ಕೇಳಿದರೆ ಎರಡೂ ಒಂದೇ ಊರೆಂದು ಹೇಳಲು ಸಿದ್ಧರಿರಿ.

ಇನ್ನು ಹಣ. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕು. ಅಲ್ಲಿಗೆ ಹೋದ ಮೇಲೆ ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಬರುತ್ತದೆ. ಲಕ್ಷಗಟ್ಟಲೆ ಖಾತೆಯಲ್ಲಿದೆಯಲ್ಲ ಎಂದು ಬರಿಗೈಯಲ್ಲಿ ವಿಮಾನ ಹತ್ತಿದವರಿಗೆ ಮೊದಲ ತಿಂಗಳಲ್ಲೇ ಉಸಿರು ಕಟ್ಟುತ್ತದೆ. 400 ಯೂರೊ ಮೂಲ ಬಾಡಿಗೆಯ ಕೋಣೆಗೆ ಮೂರು ತಿಂಗಳ ಠೇವಣಿ ಕೇಳಿದರೆ 1,200 ಆಯಿತು. ಅದರ ಮೇಲೆ ಮೊದಲ ತಿಂಗಳ ಬಾಡಿಗೆ, ಪಾತ್ರೆ, ಹಾಸಿಗೆ, ಆರೋಗ್ಯ ವಿಮೆ, ಚಳಿಯ ಜಾಕೆಟ್. ಖಾತೆಯ ಹಣವಲ್ಲದೆ ಫಾರೆಕ್ಸ್ ಕಾರ್ಡಿನಲ್ಲಿ ಇನ್ನೂ ಎರಡು ಸಾವಿರ ಯೂರೊ ಇದ್ದರೆ ಯಾರ ಮುಂದೆಯೂ ಕೈ ಒಡ್ಡಬೇಕಾಗಿಲ್ಲ.

ಈ ಹಣ ಕಳಿಸುವಾಗ ತಂದೆ ತಾಯಿಗೆ ಗೊತ್ತಿರಬೇಕಾದ ನಿಯಮವೊಂದಿದೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ. ಓದಿನ ಖರ್ಚಿಗೆ ಇದರ ದರ ಕಡಿಮೆ, ಬೇರೆ ಹಲವು ಕಾರಣಗಳಿಗೆ ಹೆಚ್ಚು. ಬ್ಯಾಂಕಿನ ಶಿಕ್ಷಣ ಸಾಲದ ಹಣವಾಗಿದ್ದರೆ ಹಿಡಿಯುವುದೇ ಇಲ್ಲ. ಮಿತಿ ಪ್ಯಾನ್ ಲೆಕ್ಕದಲ್ಲಿ ಇರುವುದರಿಂದ ತಂದೆ ಅರ್ಧ, ತಾಯಿ ಅರ್ಧ ಕಳಿಸಿದರೆ ಇಬ್ಬರೂ ಹತ್ತು ಲಕ್ಷದೊಳಗೇ ಉಳಿಯಬಹುದು, ಹಣ ಇಬ್ಬರ ಸ್ವಂತದ್ದೇ ಆಗಿದ್ದರೆ ಇದರಲ್ಲಿ ಮುಚ್ಚುಮರೆಯೇನೂ ಇಲ್ಲ. ಹಿಡಿದ ಹಣ ಎಲ್ಲಿಗೂ ಹೋಗುವುದಿಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಆದರೆ ತಿಂಗಳುಗಟ್ಟಲೆ ಕೈಗೆ ಸಿಗುವುದಿಲ್ಲ, ಅಷ್ಟೇ. ರವಾನೆಯ ಅರ್ಜಿಯಲ್ಲಿ ಕಾರಣ ಬರೆಯುವಾಗ ಓದು ಎಂದೇ ಸರಿಯಾದ ಕಲಮಿನಲ್ಲಿ ಬರೆಯಿಸಿ. ಬ್ಯಾಂಕಿನ ಕೌಂಟರಿನಲ್ಲಿ ಅವಸರದಲ್ಲಿ ತಪ್ಪಾದ ಕಡೆ ಗುರುತು ಬೀಳುವುದುಂಟು.

ಹೆಜ್ಜೆ 3: ಮೊದಲ ತಿಂಗಳಿಗೆ ಸೂರು, ಮನೆಯಲ್ಲ

ವೀಸಾ ಅರ್ಜಿಯಲ್ಲಿ ವಸತಿಯ ವಿವರ ಕೇಳುತ್ತಾರೆ. ಅದನ್ನು ನೋಡಿ ಗಾಬರಿಯಾಗಿ ಇಲ್ಲಿಂದಲೇ ಒಂದು ವರ್ಷದ ಕರಾರಿಗೆ ಸಹಿ ಹಾಕಿ ಹಣ ಕಳಿಸುವವರಿದ್ದಾರೆ. ಬೇಡ. ಮೊದಲ ಕೆಲವು ವಾರಗಳಿಗೆ ವಿದ್ಯಾರ್ಥಿ ನಿಲಯ, ಹಾಸ್ಟೆಲ್ ಅಥವಾ ರದ್ದು ಮಾಡಬಹುದಾದ ತಾತ್ಕಾಲಿಕ ಕೋಣೆ ಸಾಕು. ಜರ್ಮನಿಯಲ್ಲಿ ವಿದ್ಯಾರ್ಥಿಗಳ ವಸತಿ ನೋಡಿಕೊಳ್ಳುವುದು ಸ್ಟುಡಿಯರೆಂಡನ್‌ವೆರ್ಕ್ ಎಂಬ ಸಾರ್ವಜನಿಕ ಸಂಸ್ಥೆ. ಅಗ್ಗದ ಕೋಣೆಗಳು ಅದರ ಬಳಿಯೇ ಇರುತ್ತವೆ, ಸರದಿ ಮಾತ್ರ ಉದ್ದ. ಪ್ರವೇಶಪತ್ರ ಕೈಗೆ ಬಂದ ದಿನವೇ ಅಲ್ಲಿ ಹೆಸರು ಬರೆಯಿಸಿ, ವೀಸಾ ಬರಲೆಂದು ಕಾಯಬೇಡಿ. ಕೆಲವು ನಗರಗಳಲ್ಲಿ ಪ್ರವೇಶಪತ್ರ ಬರುವ ಮೊದಲೇ ಹೆಸರು ತೆಗೆದುಕೊಳ್ಳುತ್ತಾರೆ. ರಜೆಗೋ ತರಬೇತಿಗೋ ಹೋದ ವಿದ್ಯಾರ್ಥಿಯ ಕೋಣೆಯಲ್ಲಿ ಎರಡು ಮೂರು ತಿಂಗಳು ಇರುವ ಒಳಬಾಡಿಗೆಯೂ ಸಿಗುತ್ತದೆ. ಅದಕ್ಕೆ ಮನೆಯ ಮಾಲೀಕರ ಲಿಖಿತ ಒಪ್ಪಿಗೆ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಆ ಕೋಣೆ ನಿಮ್ಮದಲ್ಲ.

ಈ ಹಂತದಲ್ಲೇ ಮೋಸಗಾರರು ಬಲೆ ಹಾಕಿ ಕೂತಿರುತ್ತಾರೆ. ಕಥೆ ಎಲ್ಲ ಕಡೆಯೂ ಒಂದೇ ಬಗೆಯದು. ನಗರದ ನಟ್ಟನಡುವೆ ಚೆಂದದ ಮನೆ, ಬಾಡಿಗೆ ಸುತ್ತಲಿನ ಅರ್ಧದಷ್ಟು. ಮಾಲೀಕ ಸದ್ಯಕ್ಕೆ ಬೇರೆ ದೇಶದಲ್ಲಿರುವ ಎಂಜಿನಿಯರೋ ವೈದ್ಯನೋ ಆಗಿರುತ್ತಾನೆ. ಮನೆ ತೋರಿಸಲು ಆಗುವುದಿಲ್ಲ, ಠೇವಣಿ ಕಳಿಸಿದರೆ ಕೊರಿಯರಿನಲ್ಲಿ ಬೀಗದ ಕೈ ಬರುತ್ತದೆ, ಇಷ್ಟವಾಗದಿದ್ದರೆ ಹಣ ವಾಪಸ್. ನಂಬಿಕೆ ಬರಲಿ ಎಂದು ತನ್ನ ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸುತ್ತಾನೆ. ಅದು ಹಿಂದೆ ಮೋಸಹೋದ ಇನ್ನೊಬ್ಬನ ಪಾಸ್‌ಪೋರ್ಟ್ ಆಗಿರಬಹುದು, ನೀವು ಕಳಿಸಿದ ಪ್ರತಿ ನಾಳೆ ಮತ್ತೊಬ್ಬನನ್ನು ಬಲೆಗೆ ಬೀಳಿಸಲು ಬಳಕೆಯಾಗಬಹುದು. ನೀವಾಗಲಿ, ಆ ಊರಿನಲ್ಲಿರುವ ನಿಮ್ಮ ನಂಬಿಕೆಯ ಒಬ್ಬರಾಗಲಿ ಒಳಗೆ ಕಾಲಿಟ್ಟು ನೋಡದ ಮನೆಗೆ ಒಂದು ಯೂರೊವನ್ನೂ ಕಳಿಸಬೇಡಿ. ಗದಗಿನ ಯಾರೋ ಒಬ್ಬರ ಅಣ್ಣನ ಗೆಳೆಯ ಅದೇ ನಗರದಲ್ಲಿರುತ್ತಾನೆ. ಇಂಥ ಹೊತ್ತಿನಲ್ಲಿ ಸಂಕೋಚ ಬಿಟ್ಟು ಅವನಿಗೆ ಫೋನ್ ಮಾಡಿ. ಪಾಸ್‌ಪೋರ್ಟಿನ ಪ್ರತಿ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ "ಇಂಥ ವಿಳಾಸದ ಬಾಡಿಗೆ ಅರ್ಜಿಗೆ ಮಾತ್ರ" ಎಂದು ಇಂಗ್ಲಿಷಿನಲ್ಲಿ ಬರೆದು ಕೊಡಿ.

ಹೆಜ್ಜೆ 4: ಮನೆಯೊಡತಿಯ ಮುಂದೆ ಫೈಲು

ಇಲ್ಲಿ ಮನೆತನ ಕೇಳುತ್ತಾರೆ, ಅಲ್ಲಿ ಕಾಗದ ಕೇಳುತ್ತಾರೆ. ಒಂದು ಕೋಣೆಗೆ ಹತ್ತಾರು ಮಂದಿ ಬರುವ ನಗರಗಳಲ್ಲಿ ಫೈಲು ಸಿದ್ಧವಿದ್ದವರು ಮುಂದೆ ಹೋಗುತ್ತಾರೆ. ಅದರಲ್ಲಿ ಇರಬೇಕಾದ್ದು: ನಿಮ್ಮ ಬಗ್ಗೆ ಅರ್ಧ ಪುಟದ ಪತ್ರ, ಸಾಧ್ಯವಾದರೆ ಜರ್ಮನ್ ಭಾಷೆಯಲ್ಲಿ, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ವಿಶ್ವವಿದ್ಯಾಲಯದ ಪ್ರವೇಶಪತ್ರ ಅಥವಾ ಕೆಲಸದ ಕರಾರು, ಬ್ಲಾಕ್ಡ್ ಅಕೌಂಟಿನ ದೃಢೀಕರಣ ಅಥವಾ ಸಂಬಳದ ಚೀಟಿ. ಸಾಲ ತೀರಿಸಿದ ಚರಿತ್ರೆ ಹೇಳುವ ಶೂಫಾ ಎಂಬ ವರದಿಯನ್ನೂ ಕೇಳುತ್ತಾರೆ. ಹೊಸದಾಗಿ ಬಂದವರಿಗೆ ಅಂಥ ಚರಿತ್ರೆಯೇ ಇರುವುದಿಲ್ಲ. ನಾನು ಬಂದು ಎರಡು ವಾರವಾಯಿತು, ಶೂಫಾ ಇಲ್ಲ, ಇದು ನನ್ನ ಹಣದ ದಾಖಲೆ ಎಂದು ನೇರವಾಗಿ ಹೇಳಿ. ತಪ್ಪಿಸಿಕೊಳ್ಳುವ ಉತ್ತರ ಕೊಟ್ಟವರಿಗೆ ಮನೆ ಸಿಗುವುದಿಲ್ಲ.

ವೀಸಾ ಮನೆಗೆ ಅಡ್ಡ ಬರುವುದು ಇಲ್ಲಿಯೇ. ವಿದ್ಯಾರ್ಥಿಗಳಿಗೆ ಮೊದಲು ಸಿಗುವ ಪ್ರವೇಶ ವೀಸಾ ಎಷ್ಟೋ ಸಲ ಮೂರರಿಂದ ಆರು ತಿಂಗಳದ್ದು. ಪೂರ್ತಿ ಅವಧಿಯ ವಾಸ ಪರವಾನಗಿಯನ್ನು ಅಲ್ಲಿಗೆ ಹೋದ ಮೇಲೆ ವಿದೇಶಿಯರ ಕಚೇರಿ ಕೊಡುತ್ತದೆ. ವೀಸಾದ ಪ್ರತಿ ನೋಡಿದ ಮಾಲೀಕ, ಇವನು ಮೂರು ತಿಂಗಳಲ್ಲಿ ಹೊರಡುತ್ತಾನೆ ಎಂದು ಹಿಂಜರಿಯುವುದು ಸಹಜ. ಅದಕ್ಕಾಗಿಯೇ ಎರಡು ವರ್ಷದ ಓದು ಎಂದು ಸ್ಪಷ್ಟವಾಗಿ ಹೇಳುವ ಪ್ರವೇಶಪತ್ರವನ್ನು ವೀಸಾದ ಪ್ರತಿಗಿಂತ ಮೇಲೆ ಇಡಿ, ಇದು ಪ್ರವೇಶ ವೀಸಾ ಮಾತ್ರ, ವಾಸ ಪರವಾನಗಿ ಇಲ್ಲಿ ಆಗುತ್ತದೆ ಎಂದು ಪತ್ರದಲ್ಲೇ ಒಂದು ಸಾಲು ಬರೆಯಿರಿ. ಆ ಒಂದು ಸಾಲಿನಿಂದ ಮಾತು ಮುಂದುವರಿದದ್ದಿದೆ.

ಬಾಡಿಗೆಯ ಅಂಕಿ ಓದುವುದಕ್ಕೂ ಕಲಿಯಬೇಕು. ಕಾಲ್ಟ್‌ಮೀಟೆ ಎಂದರೆ ಗೋಡೆ ಮತ್ತು ಸೂರಿನ ಬಾಡಿಗೆ ಮಾತ್ರ. ವಾರ್ಮ್‌ಮೀಟೆ ಎಂದರೆ ಅದಕ್ಕೆ ಕೋಣೆ ಬಿಸಿ ಮಾಡುವ ವೆಚ್ಚ, ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚು ಸೇರಿದ ಮೊತ್ತ. ಹೆಚ್ಚಿನ ಕಡೆ ವಿದ್ಯುತ್ತು ಮತ್ತು ಇಂಟರ್ನೆಟ್ ಇದರಲ್ಲೂ ಇರುವುದಿಲ್ಲ. ಬಿಸಿ ಮತ್ತು ನೀರಿಗೆ ನೀವು ತಿಂಗಳು ತಿಂಗಳು ಕೊಡುವುದು ಅಂದಾಜಿನ ಮುಂಗಡ, ವರ್ಷ ಮುಗಿದ ಮೇಲೆ ಲೆಕ್ಕ ಬರುತ್ತದೆ. ಚಳಿ ತಾಳಲಾರದೆ ಹಗಲಿರುಳು ಹೀಟರ್ ಉರಿಸಿದವರಿಗೆ ಮುನ್ನೂರು ನಾನೂರು ಯೂರೊ ಹೆಚ್ಚುವರಿ ಬಿಲ್ಲು ಬಂದರೆ ಅಚ್ಚರಿಯಿಲ್ಲ. ಇನ್ನೊಂದು: ಪೀಠೋಪಕರಣವಿಲ್ಲದ ಮನೆ ಎಂದರೆ ಅಲ್ಲಿ ಅಡುಗೆಮನೆಯೂ ಇಲ್ಲದಿರಬಹುದು. ಒಲೆ, ಸಿಂಕು, ಕಪಾಟು ಯಾವುದೂ ಇಲ್ಲದೆ ನಾಲ್ಕು ಗೋಡೆ ಮತ್ತು ಗೋಡೆಯಿಂದ ಹೊರಬಂದ ನೀರಿನ ಕೊಳವೆ. ಹಿಂದಿನವರಿಂದ ಅಡುಗೆಮನೆಯನ್ನು ಕೊಳ್ಳುವುದು ಅಲ್ಲಿ ಮಾಮೂಲು, ಅದಕ್ಕೂ ಹಣ ಬೇಕು. ಪ್ರತಿ ಮನೆಯಲ್ಲೂ ಹೊಗೆ ಪತ್ತೆ ಯಂತ್ರ ಕಡ್ಡಾಯ. ಬ್ಯಾಡಗಿ ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಡುವ ಮೊದಲು ಕಿಟಕಿ ತೆರೆಯಿರಿ, ಇಲ್ಲವಾದರೆ ಇಡೀ ಕಟ್ಟಡಕ್ಕೆ ನಿಮ್ಮ ಪರಿಚಯವಾಗುತ್ತದೆ.

ಠೇವಣಿಗೆ ಕಾನೂನಿನ ಮಿತಿ ಇದೆ: ಮೂಲ ಬಾಡಿಗೆಯ ಮೂರು ಪಟ್ಟು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೇಳಿದವರಿಗೆ ಇದು ಹಬ್ಬದ ಸುದ್ದಿ. ಅದನ್ನೂ ಒಟ್ಟಿಗೇ ಕೊಡಬೇಕೆಂದಿಲ್ಲ. ಮೂರು ಸಮಾನ ಕಂತುಗಳಲ್ಲಿ, ಬಾಡಿಗೆ ಶುರುವಾದ ತಿಂಗಳು ಮೊದಲನೆಯದು, ಮುಂದಿನ ಎರಡು ತಿಂಗಳು ಉಳಿದವು, ಹೀಗೆ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಬಹಳ ಮಂದಿಗೆ ಗೊತ್ತಿಲ್ಲದ ಕಾರಣ ಯಾರೂ ಕೇಳುವುದಿಲ್ಲ. ಯಾವ ಹಣವನ್ನೂ ನಗದಾಗಿ ಕೊಡಬೇಡಿ.

ಸಹಿ ಹಾಕುವ ಮೊದಲು ಕರಾರಿನಲ್ಲಿ ಎರಡು ಸಂಗತಿ ಹುಡುಕಿ. ಅವಧಿ ನಿಗದಿಯಾದ ಕರಾರೇ, ಅವಧಿಯಿಲ್ಲದ್ದೇ? ಅವಧಿ ನಿಗದಿಯಾದ್ದನ್ನು ಸಾಮಾನ್ಯವಾಗಿ ನಡುವೆ ಮುರಿಯಲಾಗುವುದಿಲ್ಲ. ವೀಸಾ ಮಾರ್ಚಿಗೆ ಮುಗಿಯುವವರು ಸೆಪ್ಟೆಂಬರಿನವರೆಗೆ ಅಂಥ ಕರಾರಿಗೆ ಸಹಿ ಹಾಕಿದರೆ, ವೀಸಾ ಮುಂದುವರಿಯದಿದ್ದಾಗ ಧಾರವಾಡದಲ್ಲಿ ಕೂತು ಮ್ಯೂನಿಕ್‌ನ ಬಾಡಿಗೆ ಕಟ್ಟಬೇಕಾಗುತ್ತದೆ. ಅವಧಿಯಿಲ್ಲದ ಕರಾರಿನಲ್ಲಿ ಬಾಡಿಗೆದಾರ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಆದರೆ ಮೊದಲ ಒಂದೋ ಎರಡೋ ವರ್ಷ ನೋಟಿಸ್ ಕೊಡುವಂತಿಲ್ಲ ಎಂಬ ಷರತ್ತು ಅದರೊಳಗೆ ಅಡಗಿರಬಹುದು. ಹುಡುಕಬೇಕಾದ ಎರಡನೆಯ ಸಂಗತಿ ಅದೇ. ಕರಾರು ಜರ್ಮನ್ ಭಾಷೆಯಲ್ಲಿರುತ್ತದೆ. ಮೊಬೈಲಿನ ಅನುವಾದದಿಂದ ಸಾರಾಂಶ ತಿಳಿಯಬಹುದು, ಸಹಿಗೆ ಮಾತ್ರ ಭಾಷೆ ಬಲ್ಲ ಒಬ್ಬರಿಂದ ಓದಿಸಿ. ಪ್ರತಿ ನಗರದಲ್ಲೂ ಬಾಡಿಗೆದಾರರ ಸಂಘಗಳಿವೆ, ಸದಸ್ಯತ್ವದ ಸಣ್ಣ ಹಣಕ್ಕೆ ಸಲಹೆ ಕೊಡುತ್ತವೆ.

ಬೀಗದ ಕೈ ಪಡೆಯುವ ದಿನ ಗೋಡೆಯ ಕಲೆ, ನೆಲದ ಗೀರು, ಒಡೆದ ಟೈಲು, ಮೀಟರಿನ ಅಂಕಿ ಎಲ್ಲವನ್ನೂ ಹಸ್ತಾಂತರದ ಪಟ್ಟಿಯಲ್ಲಿ ಬರೆಯಿಸಿ ಇಬ್ಬರೂ ಸಹಿ ಹಾಕಿ, ಫೋಟೊ ತೆಗೆದಿಡಿ. ಮಾಲೀಕ ಒಳ್ಳೆಯವರಾಗಿ ಕಂಡರೂ ತೆಗೆದಿಡಿ.

ಹೆಜ್ಜೆ 5: ಹೆಸರು ನೋಂದಾಯಿಸಿ

ಮನೆ ಸೇರಿದ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆನ್‌ಮೆಲ್ಡುಂಗ್ ಎಂದು ಕರೆಯುವ ಈ ಕೆಲಸಕ್ಕೆ ಮಾಲೀಕರು ಸಹಿ ಮಾಡಿಕೊಡುವ ವಾಸದ ದೃಢೀಕರಣ ಬೇಕು, ಬಾಡಿಗೆ ಕರಾರು ಮಾತ್ರ ತೋರಿಸಿದರೆ ಸಾಲದು. ಈ ನೋಂದಣಿ ಇಲ್ಲದೆ ತೆರಿಗೆ ಸಂಖ್ಯೆ ಇಲ್ಲ, ವಾಸ ಪರವಾನಗಿಯ ಅರ್ಜಿಯೂ ನಿಲ್ಲುತ್ತದೆ. ಆದ್ದರಿಂದ ತಾತ್ಕಾಲಿಕ ಕೋಣೆ ಹಿಡಿಯುವಾಗಲೂ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಎಂಬುದಾಗಬಾರದು, ಇಲ್ಲಿ ನೋಂದಣಿ ಮಾಡಿಕೊಡುತ್ತೀರಾ ಎಂಬುದಾಗಬೇಕು. ಮಾಡಿಕೊಡುವುದಿಲ್ಲ ಎನ್ನುವ ಅಗ್ಗದ ಕೋಣೆ ಕೊನೆಗೆ ದುಬಾರಿಯಾಗುತ್ತದೆ. ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಲು ಮರೆಯಬೇಡಿ. ಹೆಸರಿಲ್ಲದ ಪೆಟ್ಟಿಗೆಗೆ ಅಂಚೆಯವರು ಪತ್ರ ಹಾಕುವುದಿಲ್ಲ, ಬ್ಯಾಂಕಿನ ಗುಪ್ತ ಸಂಖ್ಯೆಯಿಂದ ಹಿಡಿದು ವಿದೇಶಿಯರ ಕಚೇರಿಯ ಕರೆಯವರೆಗೆ ಅಲ್ಲಿ ಬಹಳಷ್ಟು ಬರುವುದು ಅಂಚೆಯಲ್ಲೇ.

ಇದೇನು ಇಷ್ಟೊಂದು ಕಾಟ ಎಂದು ಬೈಯುವ ಮೊದಲು ನಮ್ಮ ಕಡೆ ನೋಡಿ. ಧಾರವಾಡದ ನಿಮ್ಮ ಮನೆಯ ಮೇಲಂತಸ್ತನ್ನು ವಿದೇಶಿ ವಿದ್ಯಾರ್ಥಿಗೆ ಬಾಡಿಗೆ ಕೊಟ್ಟರೆ, ಅವನು ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ತಿಳಿಸುವ ಹೊಣೆ ನಿಮ್ಮದು. ಎಷ್ಟು ಮಾಲೀಕರಿಗೆ ಇದು ಗೊತ್ತಿದೆಯೋ!

ಇಂಗ್ಲೆಂಡ್, ದುಬೈ, ಸಿಂಗಪುರ

ಇಂಗ್ಲೆಂಡಿನಲ್ಲಿ ಬಾಡಿಗೆ ಕೊಡುವ ಮೊದಲು ಮಾಲೀಕನೇ ನಿಮ್ಮ ವೀಸಾ ಪರಿಶೀಲಿಸಬೇಕೆಂದು ಕಾನೂನಿದೆ. 2016ರ ಫೆಬ್ರವರಿಯಿಂದ ಇದು ಇಡೀ ಇಂಗ್ಲೆಂಡಿಗೆ ಅನ್ವಯ, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಲ್ಲ. ಈಗ ವೀಸಾ ಡಿಜಿಟಲ್ ಆಗಿರುವುದರಿಂದ ಸರ್ಕಾರಿ ಜಾಲತಾಣದಲ್ಲಿ ಶೇರ್ ಕೋಡ್ ಎಂಬ ಗುರುತಿನ ಸಂಕೇತ ಪಡೆದು ಮಾಲೀಕನಿಗೆ ಕೊಟ್ಟರೆ ಸಾಕು. ವಾರ್ಷಿಕ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಠೇವಣಿ ಐದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಆ ಹಣವನ್ನು 30 ದಿನದೊಳಗೆ ಸರ್ಕಾರದ ಮಾನ್ಯತೆ ಪಡೆದ ಯೋಜನೆಯಲ್ಲಿ ಇಡಬೇಕು, ಇಟ್ಟ ದಾಖಲೆ ಕೇಳಿ ಪಡೆಯಿರಿ. ಬ್ರಿಟನ್ನಿನಲ್ಲಿರುವ ಜಾಮೀನುದಾರ ಬೇಕು, ಇಲ್ಲವೇ ಆರು ತಿಂಗಳ ಬಾಡಿಗೆ ಮುಂಗಡ ಕೊಡಿ ಎಂದು ನಮ್ಮ ವಿದ್ಯಾರ್ಥಿಗಳನ್ನು ಹಿಂಡುವ ಪದ್ಧತಿಯಿತ್ತು. ಹೊಸ ಬಾಡಿಗೆ ಕಾನೂನಿನಂತೆ 2026ರ ಮೇ 1ರಿಂದ ಖಾಸಗಿ ಮಾಲೀಕರು ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ಕೌನ್ಸಿಲ್ ತೆರಿಗೆ ಇಲ್ಲ, ಆದರೆ ವಿಶ್ವವಿದ್ಯಾಲಯದ ಪತ್ರ ಕೊಟ್ಟು ವಿನಾಯಿತಿ ಕೇಳಬೇಕು.

ದುಬೈಯಲ್ಲಿ ವರ್ಷದ ಬಾಡಿಗೆಯನ್ನು ಮುಂದಿನ ತಾರೀಖಿನ ಚೆಕ್ಕುಗಳಾಗಿ ಮೊದಲೇ ಬರೆದುಕೊಡುವ ರೂಢಿ. ಕರಾರು ಎಜಾರಿ ಎಂಬ ವ್ಯವಸ್ಥೆಯಲ್ಲಿ ನೋಂದಣಿಯಾಗಬೇಕು, ಹೆಂಡತಿ ಮಕ್ಕಳನ್ನೋ ತಂದೆ ತಾಯಿಯನ್ನೋ ಕರೆಸಿಕೊಳ್ಳುವ ವೀಸಾಕ್ಕೆ ಆ ದಾಖಲೆಯೇ ಆಧಾರ. ಸಿಂಗಪುರದಲ್ಲಿ ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ, ಸರ್ಕಾರಿ ವಸತಿ ಮಂಡಳಿಯ ಮನೆಯನ್ನು ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವುದೇ ಅಕ್ರಮ. ತಿಂಗಳಿಗೆಂದು ಹೋದ ಪ್ರವಾಸಿಗೆ ಅಲ್ಲಿ ಹೋಟೆಲ್ಲೇ ಗತಿ.

ಬಾಣಂತನಕ್ಕೆ ಹೋಗುವ ಅಮ್ಮಂದಿರಿಗೆ

ಮಗಳ ಬಾಡಿಗೆ ಮನೆಯಲ್ಲಿ ಮೂರು ತಿಂಗಳೋ ಆರು ತಿಂಗಳೋ ಇರುವ ತಾಯಿ ಕೂಡ ಆ ಕರಾರಿನ ಮಟ್ಟಿಗೆ ಅತಿಥಿ. ಅಮೆರಿಕದ ಅಪಾರ್ಟ್‌ಮೆಂಟ್ ಕರಾರುಗಳಲ್ಲಿ ಮನೆಯಲ್ಲಿ ಇರುವವರ ಹೆಸರು ಬರೆದಿರುತ್ತಾರೆ, ಎರಡು ವಾರ ಮೀರಿ ಇರುವ ಅತಿಥಿಗೆ ಒಪ್ಪಿಗೆ ಬೇಕೆಂಬ ಷರತ್ತು ಸಾಮಾನ್ಯ. ಟಿಕೆಟ್ ತೆಗೆಯುವ ಮೊದಲೇ ಮಗಳೋ ಅಳಿಯಂದಿರೋ ಒಂದು ಇಮೇಲ್ ಬರೆದು ಒಪ್ಪಿಗೆ ಪಡೆದಿಟ್ಟುಕೊಳ್ಳಲಿ. ಜರ್ಮನಿಯಲ್ಲಿ ಕೆಲವು ವಾರದ ಅತಿಥಿಗೆ ಮಾಲೀಕರ ಅನುಮತಿ ಬೇಡ, ಮೂರು ತಿಂಗಳ ಮಾತಾದರೆ ತಿಳಿಸಿಬಿಡುವುದು ಒಳ್ಳೆಯದು. ಹೊರದೇಶದಿಂದ ಬಂದ ಅತಿಥಿ ಮೂರು ತಿಂಗಳು ಮೀರದಿದ್ದರೆ ವಿಳಾಸ ನೋಂದಣಿಯೂ ಬೇಕಿಲ್ಲ. ವಿದ್ಯಾರ್ಥಿ ನಿಲಯದಲ್ಲಿ ಮಾತ್ರ ಅಪ್ಪ ಅಮ್ಮನನ್ನು ವಾರಗಟ್ಟಲೆ ಇರಿಸಿಕೊಳ್ಳುವ ಯೋಚನೆ ಬೇಡ, ಹತ್ತಿರದಲ್ಲಿ ಬೇರೆ ಕೋಣೆ ಹಿಡಿಯಿರಿ.

ವೀಸಾ ಅರ್ಜಿಗೆ ಮಗಳು ಜರ್ಮನಿಯ ವಿದೇಶಿಯರ ಕಚೇರಿಯಲ್ಲಿ 29 ಯೂರೊ ಕಟ್ಟಿ, ತಾಯಿಯ ಖರ್ಚಿಗೆ ನಾನು ಹೊಣೆ ಎಂಬ ಪತ್ರ ಮಾಡಿಸಿ ಕಳಿಸಬಹುದು. ಮನೆ ಎಷ್ಟು ದೊಡ್ಡದು, ಬಾಡಿಗೆ ಎಷ್ಟು, ಸಂಬಳ ಎಷ್ಟು ಎಂದು ಅಲ್ಲಿ ನೋಡುತ್ತಾರೆ, ಬಾಡಿಗೆ ಕರಾರಿನ ಪ್ರತಿ ಬೇಕಾಗುತ್ತದೆ. ಜೊತೆಗೆ ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ. ಗಡಿಯಲ್ಲಿ ಯಾಕೆ ಬಂದಿರಿ ಎಂದು ಕೇಳಿದರೆ ಮಗಳಿಗೆ ಹೆರಿಗೆ, ನೋಡಲು ಬಂದೆ, ಇಂಥ ದಿನ ಹೊರಡುತ್ತೇನೆ ಎಂದು ಹೇಳಿ ವಾಪಸ್ ಟಿಕೆಟ್ ತೋರಿಸಿದರೆ ಮುಗಿಯಿತು. ಮೊಮ್ಮಗುವನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದೆ ಎಂದು ಹೇಳಿ ಅದು ಕೂಲಿ ಕೆಲಸವೆಂಬ ಅನುಮಾನ ಹುಟ್ಟಿಸಬೇಡಿ. ಸುಳ್ಳನ್ನಂತೂ ಹೇಳಲೇಬೇಡಿ.

ಹೆಜ್ಜೆ 6: ವೀಸಾ ಮುಗಿಯುವ ಮೊದಲು

ವಾಸ ಪರವಾನಗಿ ಮುಂದುವರಿಸಲು ಅದು ಮುಗಿಯುವ ಮೊದಲೇ ಅರ್ಜಿ ಹಾಕಿ. ಸಮಯಕ್ಕೆ ಸರಿಯಾಗಿ ಹಾಕಿದ್ದರೆ ಕಚೇರಿ ತಡ ಮಾಡಿದರೂ ಜರ್ಮನಿಯಲ್ಲಿ ಹಳೆಯ ಪರವಾನಗಿಯೇ ಚಾಲ್ತಿಯಲ್ಲಿದೆ ಎಂದು ಕಾನೂನು ಭಾವಿಸುತ್ತದೆ. ಅದಕ್ಕೊಂದು ತಾತ್ಕಾಲಿಕ ಪ್ರಮಾಣಪತ್ರವನ್ನೂ ಕೊಡುತ್ತಾರೆ, ಮಾಲೀಕರಿಗೂ ಕೆಲಸ ಕೊಟ್ಟವರಿಗೂ ಅದನ್ನೇ ತೋರಿಸಿ. ಓದು ಮುಗಿದವರಿಗೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಇದೆ. ಅದು ಕೈಗೆ ಬರುವವರೆಗೆ ಹೊಸ ನಗರದಲ್ಲಿ ದೀರ್ಘ ಕರಾರು ಮಾಡದಿರುವುದು ಜಾಣತನ.

ಊರಿಗೆ ಮರಳುವುದೇ ಆದರೆ ಕೆಲಸ ಮೂರು ತಿಂಗಳ ಮೊದಲೇ ಶುರುವಾಗಬೇಕು. ಸೆಪ್ಟೆಂಬರ್ ಕೊನೆಗೆ ಮನೆ ಬಿಡುವವರ ನೋಟಿಸ್ ಜುಲೈ ತಿಂಗಳ ಮೂರನೆಯ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಿರಬೇಕು. ಕಾಗದದ ಮೇಲೆ, ಕೈಯಿಂದ ಹಾಕಿದ ಸಹಿಯೊಂದಿಗೆ. ಇಮೇಲ್, ವಾಟ್ಸ್ಆ್ಯಪ್ ಸಂದೇಶ ನಡೆಯುವುದಿಲ್ಲ. ಒಂದು ದಿನ ತಡವಾದರೆ ಇನ್ನೊಂದು ತಿಂಗಳ ಬಾಡಿಗೆ. ಠೇವಣಿ ಹಣ ಹಿಂದಿರುಗಲು ತಿಂಗಳುಗಳು ಹಿಡಿಯುವುದರಿಂದ ಜರ್ಮನ್ ಬ್ಯಾಂಕ್ ಖಾತೆಯನ್ನು ಹೊರಡುವ ದಿನವೇ ಮುಚ್ಚಬೇಡಿ, ಮಾಲೀಕರಿಗೆ ಹುಬ್ಬಳ್ಳಿಯ ವಿಳಾಸವನ್ನೂ ಇಮೇಲನ್ನೂ ಬರೆದುಕೊಡಿ. ಹೊರಡುವ ವಾರದಲ್ಲಿ ನಾಗರಿಕ ಕಚೇರಿಗೆ ಹೋಗಿ ವಿಳಾಸ ತೆಗೆಸಿ ಅದರ ಪ್ರಮಾಣಪತ್ರ ಪಡೆಯಿರಿ. ಮನೆಯಲ್ಲಿ ರೇಡಿಯೊ ಇಲ್ಲದಿದ್ದರೂ ಪ್ರತಿ ಮನೆಯಿಂದ ತಿಂಗಳಿಗೆ 18.36 ಯೂರೊ ವಸೂಲಾಗುವ ಪ್ರಸಾರ ಶುಲ್ಕವಿದೆ. ಅದನ್ನು ನಿಲ್ಲಿಸಲು ಕೇಳುವುದು ಆ ಪ್ರಮಾಣಪತ್ರವನ್ನೇ. ಅದರ ಪ್ರತಿಯನ್ನು ಮೊಬೈಲಿನಲ್ಲಿ ಉಳಿಸಿಕೊಂಡು, ಮೂಲವನ್ನು ಕೈಚೀಲದಲ್ಲಿ ಇಟ್ಟುಕೊಂಡು ವಿಮಾನ ಹತ್ತಿ.